ಹಲಸಿನ ಮೇಣ ಬಟ್ಟೆಗೆ ಹಿಡಿದ್ರೆ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಮನೆ ಅಂಗಳದಲ್ಲಿ ಹಲಸಿನ ಹಪ್ಪಳದ ಕೆಲಸ ನಡೀತಾ ಇತ್ತು, ಹಪ್ಪಳಕ್ಕೆ ಅಂದ್ರೆ ನಿಮಗೆ ಗೊತ್ತಲ್ಲ, ಬೆಳೆದ ಕಾಯಿಯೇ ಬೇಕು, ಹಣ್ಣಾಗ್ಬಾರ್ದು, ಆ ಕಾಯಿಯಲ್ಲಿ ಮೇಣ ಎಂದರೆ ಮೇಣ, ಕೊಯ್ದ ಕೂಡ್ಲೇ ಹಾಲಿನ ಹಾಗೆ ಇಳೀತದೆ. ಅಣ್ಣನ ಮಗಳು ಓಡಿ ಬಂದು ಕಾಯಿ ಕೊಯ್ದ ಗೋಣಿಯ ಮೇಲೇ ಕೂತುಬಿಟ್ಳು. ಹೊಸ ಲಂಗ, ತಿಳಿ ನೀಲಿ ಬಣ್ಣದ್ದು. ಅತ್ತಿಗೆ ಗಾಬರಿಯಲ್ಲಿ ಬಿಸಿನೀರಿಗೆ ಸೋಪಿನ ಪುಡಿ ಹಾಕಿ ನೆನೆಸಿ ಬ್ರಷ್ ತಗೊಂಡು ತಿಕ್ಕಿದ್ರು, ಒಂದು ಕಡೆ ಇದ್ದದ್ದು ನಾಲ್ಕು ಕಡೆ ಆಯ್ತು. ಆಮೇಲೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಮೇಣದಬತ್ತಿ ಬಟ್ಟೆಗೆ ಬಿದ್ರೆ ಮೇಲೆ ಪೇಪರ್ ಇಟ್ಟು ಇಸ್ತ್ರಿ ಮಾಡ್ತಾರಲ್ಲ, ಮೇಣ ಕರಗಿ ಪೇಪರಿಗೆ ಬರ್ತದೆ, ಹಾಗೇ ಮಾಡುವ ಅಂತ ಇಸ್ತ್ರಿ ಇಟ್ಟೆ. ಪೇಪರ್ ಲಂಗಕ್ಕೆ ಅಂಟಿತು, ಮೇಣ ನೂಲಿನ ಒಳಗೆ ಇಳೀತು. ಆ ಲಂಗ ಮತ್ತೆ ಸರಿ ಆಗ್ಲೇ ಇಲ್ಲ. ಆ ಮಗು ಎರಡು ದಿನ ಅತ್ತದ್ದು ನನಗೆ ಇವತ್ತಿಗೂ ಮನಸ್ಸಲ್ಲಿ ಉಂಟು, ಹಾಗಾಗಿ ಈ ವಿಷಯ ಸರಿಯಾಗಿ ತಿಳ್ಕೊಂಡು ನಿಮಗೂ ಹೇಳುವ ಅಂತ ಇವತ್ತು ಬಂದದ್ದು.

ನಾವು ಎರಡಕ್ಕೂ ಮೇಣ ಅಂತಲೇ ಹೇಳ್ತೇವೆ, ಆದ್ರೆ ಎರಡೂ ಬೇರೆ ಬೇರೆ ವಸ್ತು. ಮೇಣದಬತ್ತಿಯದ್ದು ಬಿಸಿಗೆ ಕರಗಿ ನೀರಾಗ್ತದೆ. ಹಲಸಿನ ಮೇಣ ಹಾಗಲ್ಲ, ಅದ್ರಲ್ಲಿ ರಬ್ಬರಿನಂಥ ಅಂಶ ಉಂಟು, ರಾಳದಂಥ ಅಂಶ ಉಂಟು, ಬಿಸಿ ತಾಗಿದ್ರೆ ಮೆತ್ತಗಾಗಿ ಇನ್ನೂ ಅಂಟಾಗ್ತದೆ ಹೊರತು ಹರಿದು ಹೋಗುದಿಲ್ಲ. ನೀರಿಗಂತೂ ಅದು ಜಗ್ಗುವುದೇ ಇಲ್ಲ. ಹಿಂದೆಲ್ಲ ಸೋರುವ ಪಾತ್ರೆಯ ತೂತು ಮುಚ್ಚಲಿಕ್ಕೆ ಇದೇ ಮೇಣ ಬಳೀತಿದ್ರು, ಅಷ್ಟು ಗಟ್ಟಿ ನೀರು ತಡೆಯುವ ವಸ್ತುವನ್ನು ಬಕೆಟ್ ನೀರಲ್ಲಿ ತೊಳೀತೇವೆ ಅಂದ್ರೆ ಹೇಗೆ ಆಗ್ತದೆ ಹೇಳಿ.

ಅದಕ್ಕೆ ಬೇಕಾದ್ದು ಎಣ್ಣೆ. ಇದು ನಮ್ಮ ಅಮ್ಮಂದಿರಿಗೆ ಗೊತ್ತಿದ್ದ ವಿಷಯವೇ, ಹಲಸು ಕೊಯ್ಯುವ ಮೊದ್ಲು ಕೈಗೆ, ಮೆಟ್ಟುಕತ್ತಿಗೆ ತೆಂಗಿನೆಣ್ಣೆ ಹಚ್ತಾರಲ್ಲ, ಅದೇ ಲೆಕ್ಕ. ಕೈಗೆ ಎಣ್ಣೆ ಹಾಕುವವರು ಬಟ್ಟೆಗೆ ಮಾತ್ರ ಯಾಕೋ ಮೊದ್ಲು ನೀರು ಹಾಕ್ತೇವೆ. ಎಣ್ಣೆ ಕಲೆ ಆಗ್ತದೆ ಅಂತ ಹೆದರಿಕೆ ಇರ್ತದೆ, ಆದ್ರೆ ಎಣ್ಣೆಯ ಕಲೆಯನ್ನು ಸೋಪು ತೆಗೀತದೆ, ಮೇಣದ ಕಲೆಯನ್ನು ಸೋಪು ತೆಗೆಯುದಿಲ್ಲ.

ಈಗ ಹೇಗೆ ಮಾಡುದು ಅಂತ ನಿಧಾನ ಹೇಳ್ತೇನೆ. ಮೇಣ ದಪ್ಪ ಇದ್ರೆ ಮೊದ್ಲು ಬಟ್ಟೆಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಲ್ಲಿ ಒಂದರ್ಧ ಗಂಟೆ ಇಡಿ, ಫ್ರಿಜ್ ಇಲ್ಲದಿದ್ರೆ ಐಸ್ ತುಂಡು ತಂದು ಒತ್ತಿ ಹಿಡೀರಿ, ಗಟ್ಟಿಯಾದ ಮೇಲೆ ಚಮಚದ ಅಂಚಲ್ಲಿ ಮೆಲ್ಲ ಕೆರೀರಿ, ಚೂಪು ಚೂರಿ ಬೇಡ, ನೂಲು ಹೋಗ್ತದೆ. ಇನ್ನು ಉಳಿದದ್ದಕ್ಕೆ ತೆಂಗಿನೆಣ್ಣೆ, ಬಟ್ಟೆಯ ಎದುರಿಂದಲೂ ಹಿಂದಿನಿಂದಲೂ ಹಚ್ಚಿ ಒಂದು ಕಾಲು ಗಂಟೆ ಬಿಡಿ. ಬಿಡುದು ಮುಖ್ಯ, ತಿಕ್ಕುದಲ್ಲ. ಆಮೇಲೆ ಬೆರಳಲ್ಲಿ ಉರುಟಿದ್ರೆ ಮೇಣ ಸಣ್ಣ ಸಣ್ಣ ಬತ್ತಿ ಬತ್ತಿಯಾಗಿ ಎದ್ದು ಬರ್ತದೆ, ಅದನ್ನು ಹಳೇ ಪಂಚೆ ತುಂಡಲ್ಲಿ ಒರೆಸಿ ತೆಗೀರಿ, ಒರೆಸಿದ ಜಾಗ ಮಡಚಿ ಹೊಸ ಜಾಗದಲ್ಲಿ ಒರೆಸಿ, ಇಲ್ಲದಿದ್ರೆ ಅದೇ ಮೇಣ ಪುನಃ ಬಟ್ಟೆಗೆ ಹಿಡೀತದೆ. ಬೇಕಾದ್ರೆ ಇನ್ನೊಂದು ಸಲ ಎಣ್ಣೆ. ಅಂಟು ಪೂರ್ತಿ ಹೋದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಉಂಟಲ್ಲ, ಅದನ್ನು ನೀರು ತಾಗಿಸದೆ ನೇರ ಎಣ್ಣೆಯ ಮೇಲೆ ಹಾಕಿ ಉಜ್ಜಿ, ಐದು ನಿಮಿಷ ಬಿಟ್ಟು ಆಮೇಲೆ ನೀರು. ಬಿಸಿಲಿಗೆ ಹಾಕುವ ಮೊದ್ಲು ಬೆಳಕಿಗೆ ಹಿಡಿದು ನೋಡಿ, ಕಲೆ ಇನ್ನೂ ಇದ್ರೆ ಒಣಗಿಸ್ಬೇಡಿ, ಇಸ್ತ್ರಿಯಂತೂ ಖಂಡಿತ ಬೇಡ.

ಸೀಮೆಎಣ್ಣೆ ಹಾಕಿದ್ರೆ ಬೇಗ ಹೋಗ್ತದೆ ಅಂತ ಹಳಬರು ಹೇಳ್ತಾರೆ, ಹೋಗುದು ಹೌದು. ಆದ್ರೆ ಅದು ಹೊರಗೆ ಅಂಗಳದಲ್ಲಿ ಮಾತ್ರ, ಒಲೆಯ ಹತ್ರ ಅಲ್ಲ, ಮತ್ತೆ ಆ ಬಟ್ಟೆಯನ್ನು ವಾಷಿಂಗ್ ಮಿಷನಿಗೆ ಹಾಕ್ಲೇಬಾರ್ದು, ಬೆಂಕಿ ಹಿಡಿಯುವ ಅಪಾಯ ಉಂಟು. ತೆಂಗಿನೆಣ್ಣೆಯಲ್ಲಿ ಆಗುವ ಕೆಲಸಕ್ಕೆ ಸೀಮೆಎಣ್ಣೆ ಯಾಕೆ ಅಂತ ನನ್ನ ಅಭಿಪ್ರಾಯ.

ಹಾಗಂತ ಮರದಿಂದ ಇಳಿದದ್ದಕ್ಕೆಲ್ಲ ಎಣ್ಣೆಯೇ ಮದ್ದು ಅಂತ ತಿಳೀಬೇಡಿ. ಹಿಮಾಲಯದ ಕಡೆ ಟೂರ್ ಹೋದವರಿಗೆ ಪೈನ್ ಮರದ ಅಂಟು ಹಿಡೀತದೆ, ಅಂಥದ್ದಕ್ಕೆ ಸ್ಪಿರಿಟ್ ಒಳ್ಳೇದು. ಕೊರೋನಾ ಸಮಯದ ಹ್ಯಾಂಡ್ ಸ್ಯಾನಿಟೈಸರ್ ಮನೆಯಲ್ಲಿ ಉಳಿದಿದ್ರೆ ಅದೇ ಸಾಕು. ಕಲೆಯ ಅಡಿಗೆ ಒಂದು ಬಿಳಿ ಬಟ್ಟೆ ಇಟ್ಟು, ಹತ್ತಿಯನ್ನು ಅದ್ರಲ್ಲಿ ಅದ್ದಿ ಒತ್ತಿ ಒತ್ತಿ ತೆಗೀರಿ. ಬಣ್ಣ ಬಿಡ್ತದಾ ಅಂತ ಮೊದ್ಲು ಒಳಗಿನ ಮಡಿಕೆಯಲ್ಲಿ ನೋಡ್ಕೊಳ್ಳಿ, ಇದೂ ಬೆಂಕಿಯಿಂದ ದೂರವೇ. ಇನ್ನು ಜಾಲಿ ಮರದ ಗೋಂದು ಆದ್ರೆ ಸುಲಭ, ಅದು ನೀರಲ್ಲೇ ಕರಗ್ತದೆ, ಉಗುರುಬೆಚ್ಚ ನೀರಲ್ಲಿ ನೆನೆಸಿದ್ರೆ ಮುಗೀತು.

ರಬ್ಬರ್ ತೋಟ ಇರುವ ಸುಳ್ಯ, ಬೆಳ್ತಂಗಡಿ ಕಡೆ ಕೇಳುವವರಿಗೆ ರಬ್ಬರಿನ ಹಾಲಿನ ಬಗ್ಗೆ ಒಂದು ಮಾತು. ರಬ್ಬರ್ ಹಾಲು ಹಸಿ ಇರುವಾಗ ನೀರಿನ ಜೊತೆ ಬೆರೆತೇ ಇರ್ತದೆ, ಆಗ ಕೂಡ್ಲೇ ತಣ್ಣೀರಲ್ಲಿ ಧಾರಾಳ ತೊಳೆದ್ರೆ ಹೋಗ್ತದೆ. ಕೆಲವರು ಕಲೆ ಅಂದ ಕೂಡ್ಲೇ ಲಿಂಬೆಹುಳಿ ಹಿಂಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ರಬ್ಬರ್ ಶೀಟ್ ಮಾಡುವಾಗ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸುದು ನೀವೇ ದಿನಾ ಮಾಡುವ ಕೆಲಸ, ಲಿಂಬೆಯ ಹುಳಿಯೂ ಬಟ್ಟೆಯ ಮೇಲೆ ಅದನ್ನೇ ಮಾಡ್ತದೆ. ಒಮ್ಮೆ ನೂಲಿನ ಒಳಗೆ ಹೆಪ್ಪುಗಟ್ಟಿದ ರಬ್ಬರು ಮೇಲಿಂದ ಸ್ವಲ್ಪ ಸಿಪ್ಪೆಯ ಹಾಗೆ ಎದ್ದು ಬರ್ತದೆ, ಪೂರ್ತಿ ಬರುದಿಲ್ಲ. ಟ್ಯಾಪಿಂಗಿಗೆ, ಅಂದ್ರೆ ರಬ್ಬರ್ ಹಾಲು ತೆಗೀಲಿಕ್ಕೆ ಹೋಗುವಾಗ ಒಂದು ಬಾಟ್ಲಿ ನೀರು ಹೆಚ್ಚಿಗೆ ಇಟ್ಕೊಳ್ಳಿ.

ಬಾಳೆಯ ರಸದ ಕರೆ ಇದೆಯಲ್ಲ, ಅದು ಬೇರೆಯೇ ಜಾತಿ. ಅದ್ರಲ್ಲಿ ಅಂಟು ಕಡಿಮೆ, ಅದು ಬಣ್ಣದ ಹಾಗೆ. ಗೊನೆ ಕಡಿಯುವಾಗ ಬಿದ್ದದ್ದು ನೀರಿನ ಹನಿಯ ಹಾಗೆ ಕಾಣ್ತದೆ, ಎಂತ ಆಗುದಿಲ್ಲ ಅಂತ ಬಿಟ್ರೆ ಗಾಳಿ ತಾಗಿ ಸಂಜೆಗೆ ಕಂದು ಬಣ್ಣ ಬರ್ತದೆ, ಆಮೇಲೆ ಎಣ್ಣೆಯೂ ಇಲ್ಲ ಸ್ಪಿರಿಟೂ ಇಲ್ಲ. ಕಂದು ಆಗುವ ಮೊದ್ಲೇ ನೀರು ಸೋಪಲ್ಲಿ ತೊಳೆದ್ರೆ ಮಾತ್ರ ಉಳಿಯುದು. ಗೇರು ಹಣ್ಣಿನ ರಸದ ಕರೆಗೂ ಅಷ್ಟೇ. ನಮ್ಮಲ್ಲಿ ತೋಟಕ್ಕೆ ಅಂತ ಒಂದು ಜೊತೆ ಬಟ್ಟೆ ಬೇರೆ ಇಡುದು ಇದೇ ಕಾರಣಕ್ಕೆ.

ರೇಷ್ಮೆ ಸೀರೆಗೆ ಹಲಸಿನ ಮೇಣ ಹಿಡಿದ್ರೆ ಎಂತ ಮಾಡುದು ಅಂತ ನನ್ನ ಹತ್ರ ಸುಮಾರು ಜನ ಕೇಳಿದ್ದಾರೆ. ಮದುವೆ, ಗೃಹಪ್ರವೇಶ ಎಲ್ಲ ಹಲಸಿನ ಸೀಸನಲ್ಲೇ ಬರುದಲ್ಲ. ಐಸ್ ಇಟ್ಟು ಗಟ್ಟಿ ಮಾಡಿ ಎದ್ದು ಬಂದಷ್ಟು ತೆಗೀರಿ, ಅಷ್ಟಕ್ಕೇ ನಿಲ್ಲಿಸಿ. ತಿಕ್ಕಿದ್ರೆ ರೇಷ್ಮೆಯ ಹೊಳಪು ಹೋಗ್ತದೆ, ಬ್ಲೀಚ್ ಹಾಕಿದ್ರೆ ನೂಲೇ ಹಾಳು. ಡ್ರೈಕ್ಲೀನಿಂಗಿಗೆ ಕೊಡುವಾಗ ಕಲೆ ಇದ್ದಲ್ಲಿ ಒಂದು ದಾರ ಕಟ್ಟಿ, ಇದು ಹಲಸಿನ ಮೇಣ, ನೀರು ಹಾಕಿಲ್ಲ, ಇಸ್ತ್ರಿ ಮಾಡಿಲ್ಲ ಅಂತ ಬಾಯಿ ಬಿಟ್ಟು ಹೇಳಿ, ಯಾವ ಕಲೆ ಅಂತ ಗೊತ್ತಾದ್ರೆ ಅವರಿಗೂ ಸರಿಯಾದ ದ್ರಾವಣ ಹಾಕ್ಲಿಕ್ಕೆ ಆಗ್ತದೆ.

ಈಗ ಮೇಣ ಇಲ್ಲದ ಹಲಸಿನ ಕಸಿ ಗಿಡಗಳೂ ನರ್ಸರಿಯಲ್ಲಿ ಸಿಗ್ತವೆ, ಜಾಗ ಇದ್ದವರು ಒಂದು ನೆಡಿ. ನಮ್ಮ ಮನೆಯ ಹಳೇ ಬಕ್ಕೆ (ಗಟ್ಟಿ ತೊಳೆಯ ಹಲಸು) ಮರವನ್ನಂತೂ ನಾವು ಬಿಡುವವರಲ್ಲ, ಅದ್ರ ತೊಳೆಯ ರುಚಿ ಬೇರೆ ಎಲ್ಲೂ ಸಿಕ್ಕಿಲ್ಲ. ಈ ಸಲ ಹಪ್ಪಳದ ದಿನ ಗೋಣಿಯ ಪಕ್ಕದಲ್ಲೇ ಎಣ್ಣೆ ಗಿಂಡಿ, ಹಳೇ ಪಂಚೆ ತುಂಡು ಎರಡೂ ಇಟ್ಟಿದ್ದೆವು, ಅಣ್ಣನ ಮಗಳು ತಾನೇ ಕೈಗೆ ಎಣ್ಣೆ ಹಚ್ಕೊಂಡು ಹಲಸಿನ ಬೇಳೆ (ಬೀಜ) ಬಿಡಿಸ್ಲಿಕ್ಕೆ ಕೂತಿದ್ಳು. ನಮಸ್ಕಾರ.