ಕಾಲೇಜಿನ ಹಾಡನ್ನು ಅಲಾರಂಗೆ ಇಡಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಕೋರಿಕೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಕಾಲೇಜು ದಿನಗಳ ಅಚ್ಚುಮೆಚ್ಚಿನ ಹಾಡನ್ನು ಮೊಬೈಲಿನ ಅಲಾರಂಗೆ ಹಾಕಿಕೊಂಡಿದ್ದೀರಾ? ದಯವಿಟ್ಟು ಇವತ್ತೇ ತೆಗೆದುಬಿಡಿ. ರಿಂಗ್‌ಟೋನ್ ಮಾಡಿಕೊಂಡಿದ್ದರೆ ಅದನ್ನೂ ತೆಗೆಯಿರಿ. ನಿದ್ದೆ ಕೆಡಿಸುವ ಶಬ್ದಗಳಿಗೆ ಫೋನಿನಲ್ಲಿ ಬರವಿಲ್ಲ. ಆ ಕೆಲಸವನ್ನು ಅವೇ ಮಾಡಲಿ.

ಇವರಿಗೇನು ತೊಂದರೆ ಅಂತ ನಿಮಗೆ ಅನ್ನಿಸಬಹುದು. ನನ್ನ ಕೆಲಸ ಮನಃಶಾಸ್ತ್ರ ಪಾಠ ಮಾಡುವುದು. ಅದರಲ್ಲೂ ನೆನಪಿನ ಬಗ್ಗೆ. ಹಳೆಯ ಹಾಡು ಮತ್ತು ಹಳೆಯ ನೆನಪು ಅಂದರೆ ನನಗೆ ಸ್ವಲ್ಪ ಹುಚ್ಚು ಜಾಸ್ತಿ. ಇಷ್ಟೊಂದು ಬೆಲೆಬಾಳುವ ವಸ್ತುವನ್ನು ಜನ ಸುಮ್ನೆ ಸವೆಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಮಾತು. ನೆನಪು ತುಂಬಿರುವ ಹಾಡನ್ನು ದಿನಾ ಕೇಳಬೇಡಿ.

ಇಷ್ಟ ಅಂತ ತಾನೇ ಕೇಳೋದು, ಕೇಳಬೇಡಿ ಅಂದರೆ ಹೇಗೆ? ಹೇಳುತ್ತೇನೆ.

ಮೊದಲು, ಕಾಲೇಜು ದಿನಗಳ ಹಾಡಿಗೇ ಯಾಕೆ ಇಷ್ಟು ಬಲ ಅನ್ನುವುದನ್ನು ನೋಡೋಣ. ನಲವತ್ತೋ ಐವತ್ತೋ ದಾಟಿದವರನ್ನು ಕೂರಿಸಿ, ನಿಮ್ಮ ಬದುಕಿನ ನೆನಪುಗಳನ್ನು ಹೇಳಿ ಎಂದರೆ, ಅವು ಎಲ್ಲ ವಯಸ್ಸಿನಿಂದ ಸಮನಾಗಿ ಬರುವುದಿಲ್ಲ. ಹತ್ತರಿಂದ ಮೂವತ್ತರ ನಡುವಿನ ನೆನಪುಗಳು ಗುಂಪು ಗುಂಪಾಗಿ ನುಗ್ಗುತ್ತವೆ. ಕಾಗದದ ಮೇಲೆ ಗೆರೆ ಎಳೆದರೆ ಅಲ್ಲೊಂದು ದೊಡ್ಡ ಉಬ್ಬು ಕಾಣುತ್ತದೆ. ಮನಃಶಾಸ್ತ್ರಜ್ಞ ಡೇವಿಡ್ ರೂಬಿನ್ ಮತ್ತು ಅವರ ಜೊತೆಗಾರರು 1986ರಲ್ಲೇ ಇದನ್ನು ತೋರಿಸಿಕೊಟ್ಟರು. ಆ ಉಬ್ಬಿನ ನಟ್ಟನಡುವೆಯೇ ಕಾಲೇಜು ಕೂತಿದೆ.

ಹಾಡಿನ ರುಚಿಯದ್ದೂ ಇದೇ ಕಥೆ. 1989ರಲ್ಲಿ ಮಾರಿಸ್ ಹೋಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 16ರಿಂದ 86 ವರ್ಷದವರೆಗಿನ 108 ಜನರಿಗೆ ಬೇರೆ ಬೇರೆ ಕಾಲದ 28 ಹಾಡುಗಳ ತುಣುಕು ಕೇಳಿಸಿ, ಯಾವುದು ಎಷ್ಟು ಇಷ್ಟ ಅಂತ ಕೇಳಿದರು. ತಮಗೆ ಸುಮಾರು 23, 24 ವರ್ಷ ಇದ್ದಾಗ ಬಂದ ಹಾಡುಗಳೇ ಜನರಿಗೆ ಹೆಚ್ಚು ಹಿಡಿಸಿದ್ದವು. ಅಜ್ಜನಿಗೂ ಅಷ್ಟೇ, ಮೊಮ್ಮಗನಿಗೂ ಅಷ್ಟೇ. ಹಾಗಾಗಿ, "ನಮ್ಮ ಕಾಲದ ಹಾಡುಗಳೇ ಹಾಡುಗಳು, ಈಗಿನವು ಬರೀ ಗದ್ದಲ" ಅನ್ನುವವರು ದಯವಿಟ್ಟು ನನ್ನ ಹತ್ತಿರ ವಾದಕ್ಕೆ ಬರಬೇಡಿ. ನಿಮ್ಮ ಅಪ್ಪನೂ ಇದನ್ನೇ ಹೇಳಿದ್ದರು. ಹಾಡು ಚೆನ್ನಾಗಿತ್ತೋ ಇಲ್ಲವೋ, ನಿಮ್ಮ ವಯಸ್ಸಂತೂ ಚೆನ್ನಾಗಿತ್ತು.

ಆ ವಯಸ್ಸಿನಲ್ಲಿ ಎಲ್ಲವೂ ಮೊದಲ ಸಲ ಅಲ್ವಾ? ಮೊದಲ ಸಲ ಮನೆ ಬಿಟ್ಟಿರುತ್ತೀರಿ. ಮೊದಲ ಸಲ ಯಾರನ್ನೋ ನೋಡಿ ಮಾತು ಮರೆತಿರುತ್ತೀರಿ. ಫೇಲಾದ ಭಯ, ಜಗಳ, ರಾಜಿ ಎಲ್ಲವೂ ಹೊಸದು. ಅದರ ಹಿನ್ನೆಲೆಯಲ್ಲಿ ಒಂದು ಹಾಡು ಓಡುತ್ತಲೇ ಇರುತ್ತದೆ. ಮಿದುಳು ಎರಡನ್ನೂ ಒಟ್ಟಿಗೇ ಎತ್ತಿಟ್ಟುಕೊಳ್ಳುತ್ತದೆ. ಆಮೇಲೆ ಒಂದನ್ನು ಎಳೆದರೆ ಇನ್ನೊಂದು ಬರುತ್ತದೆ.

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ನನ್ನ ವಿದ್ಯಾರ್ಥಿಗಳಿಗೆ ಇದು ಬಾಯಿಪಾಠ ಆಗಿದೆ. ನಿಮಗೆ ಹೊಸದು, ಕೇಳಿ.

ನಾನು ಹಾಸ್ಟೆಲಿನಲ್ಲಿದ್ದಾಗ ನಮ್ಮ ಸಾಲಿನ ರೂಮುಗಳಿಗೆಲ್ಲ ಸೇರಿ ಇದ್ದದ್ದು ಒಂದೇ ಟೇಪ್‌ರೆಕಾರ್ಡರ್. ಅದು ಪಕ್ಕದ ರೂಮಿನವನದು. ಅವನ ಹತ್ತಿರ ಕ್ಯಾಸೆಟ್ಟುಗಳೂ ಜಾಸ್ತಿ ಇರಲಿಲ್ಲ. ಇದ್ದದ್ದನ್ನೇ ತಿರುಗಿಸಿ ತಿರುಗಿಸಿ ಹಾಕುತ್ತಿದ್ದ. ಅದರಲ್ಲಿ ಒಂದು ಹಾಡು ನಮಗೆಲ್ಲ ಪ್ರಾಣ. ಯಾವ ಹಾಡು ಅಂತ ಹೇಳುವುದಿಲ್ಲ. ಹೇಳಿದರೆ ನಿಮ್ಮ ತಲೆಯಲ್ಲಿ ಅದೇ ಓಡಲು ಶುರುವಾಗಿ ನನ್ನ ಮಾತು ಕೇಳಿಸುವುದಿಲ್ಲ.

ಒಂದು ರಾತ್ರಿ ಯಂತ್ರ ಟೇಪನ್ನು ನುಂಗಿಬಿಟ್ಟಿತು. ಕ್ಯಾಸೆಟ್ಟಿನ ಕಾಲದವರಿಗೆ ಈ ಸಂಕಟ ಗೊತ್ತು. ಕಂದು ರಿಬ್ಬನ್ ಒಳಗೆಲ್ಲ ಸುತ್ತಿಕೊಂಡು ಸುಕ್ಕಾಗಿ ಹೋಗಿರುತ್ತದೆ. ಇಡೀ ಸಾಲಿನ ಹುಡುಗರು ಆಪರೇಷನ್ ನೋಡುವಂತೆ ಸುತ್ತ ನಿಂತರು. ಹಾಳಾದ ತುಂಡನ್ನು ಬ್ಲೇಡಿನಲ್ಲಿ ಕತ್ತರಿಸಿ, ಎರಡು ತುದಿಗಳನ್ನು ಸೆಲ್ಲೋಟೇಪಿನಲ್ಲಿ ಅಂಟಿಸಿ, ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಹಾಕಿದೆವು. ಹಾಡು ಬದುಕಿತು. ಆದರೆ ಎರಡನೇ ಚರಣದ ನಡುವೆ ಒಂದು ಪದ ಅರ್ಧಕ್ಕೇ ನಿಂತು, "ಡಕ್" ಅಂತ ಒಂದು ಸದ್ದಾಗಿ, ಹಾಡು ನೇರವಾಗಿ ಮುಂದಿನ ಸಾಲಿನ ಮಧ್ಯಕ್ಕೆ ಹಾರುತ್ತಿತ್ತು.

ಆಮೇಲೆ ಆ ಹಾಡನ್ನು ನಾವು ಕೇಳಿದ್ದೆಲ್ಲ ಹಾಗೆಯೇ. ಹಾಡಿದ್ದೂ ಹಾಗೆಯೇ. ಬಾತ್‌ರೂಮಿನಲ್ಲಿ, ಪ್ರವಾಸದ ಬಸ್ಸಿನಲ್ಲಿ, ಅಷ್ಟೇ ಯಾಕೆ, ಬೀಳ್ಕೊಡುಗೆ ಸಮಾರಂಭದಲ್ಲೂ ಎಲ್ಲರೂ ಒಟ್ಟಿಗೆ "ಡಕ್" ಅಂದು ಮುಂದಕ್ಕೆ ಹಾರಿದ್ದೆವು. ವೇದಿಕೆಯ ಮೇಲಿದ್ದ ಅಧ್ಯಾಪಕರಿಗೆ ತಲೆಬುಡ ತಿಳಿಯಲಿಲ್ಲ.

ಎಷ್ಟೋ ವರ್ಷಗಳ ನಂತರ ನಮ್ಮ ಬ್ಯಾಚಿನವರೆಲ್ಲ ಸೇರಿದೆವು. ಕೂದಲು ಕೆಲವರದು ಬೆಳ್ಳಗಾಗಿತ್ತು, ಕೆಲವರದು ಹೋಗಿತ್ತು. ಯಾರೋ ಫೋನಿನಲ್ಲಿ ಆ ಹಾಡು ಹಾಕಿದರು. ಶುದ್ಧವಾದ ಮೂಲ ಹಾಡು, ಎಲ್ಲೂ ತುಂಡಾಗಿಲ್ಲ. ಎಲ್ಲರೂ ಜೊತೆಗೆ ಹಾಡತೊಡಗಿದೆವು. ಎರಡನೇ ಚರಣ ಬಂತು. ನಾವೆಲ್ಲ "ಡಕ್" ಅಂದು ಹಾರಿದೆವು. ಫೋನು ಹಾರಲಿಲ್ಲ! ನಮಗೆ ನೆನಪೇ ಇಲ್ಲದ ಒಂದೂವರೆ ಸಾಲನ್ನು ಅದು ನಿಧಾನವಾಗಿ ಹಾಡುತ್ತಾ ಕೂತಿತು. ನಾವು ಮುಂದೆ, ಹಾಡು ಹಿಂದೆ. ಒಬ್ಬ ಗಂಭೀರವಾಗಿ, "ಏ, ಇವರು ತಪ್ಪು ಹಾಡ್ತಿದಾರೆ ಕಣೋ" ಅಂದ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು.

ನಗು ನಿಂತ ಮೇಲೆ ನನ್ನೊಳಗಿನ ಮೇಷ್ಟ್ರು ಎದ್ದ. ಯಾರಿಗೆ ಏನು ನೆನಪಾಯಿತು ಅಂತ ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬನಿಗೆ ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟ್ ಹೋಗಿದ್ದು, ಕತ್ತಲಲ್ಲಿ ಬ್ಯಾಟರಿ ಸೆಲ್ ಹುಡುಕಿದ್ದು. ಇನ್ನೊಬ್ಬನಿಗೆ ವಾರ್ಡನ್ನರ ಚಪ್ಪಲಿ ಸದ್ದು. ನನಗೆ ಗೋಡೆಯ ಹಸಿ ಸುಣ್ಣದ ವಾಸನೆ. ಮತ್ತೊಬ್ಬ ಏನೂ ಹೇಳದೆ ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದ. ಅದನ್ನು ನಾವು ಕೇಳಲೂ ಇಲ್ಲ.

ಆ ಟೇಪ್‌ರೆಕಾರ್ಡರಿನ ಯಜಮಾನನೂ ಅಲ್ಲೇ ಇದ್ದ. ನಮ್ಮ ಗುಂಪಿನಲ್ಲಿ ಅವನೊಬ್ಬನೇ ಹಾರಿರಲಿಲ್ಲ. ಸಾಲು ಪೂರ್ತಿ ಹಾಡಿದ್ದ. "ನಿನಗೇನು ನೆನಪಾಯ್ತೋ?" ಅಂದೆ. ಅವನು ಯೋಚಿಸಿ ಹೇಳಿದ: "ಟ್ರಾಫಿಕ್ಕು." ಅವನ ಕಾರಿನಲ್ಲಿ ಆ ಹಾಡು ವರ್ಷಗಟ್ಟಲೆಯಿಂದ ಇದೆ. ದಿನಾ ಆಫೀಸಿಗೆ ಹೋಗುವಾಗ, ಬರುವಾಗ ಕೇಳುತ್ತಾನೆ. ನಮ್ಮೆಲ್ಲರಿಗಿಂತ ಆ ಹಾಡನ್ನು ಹೆಚ್ಚು ಪ್ರೀತಿಸಿದವನು ಅವನು. ಅವನಿಗೇ ಹಾಸ್ಟೆಲ್ ಕಾಣಿಸಲಿಲ್ಲ, ಕೆಂಪು ಸಿಗ್ನಲ್ ಕಾಣಿಸಿತು.

ನಾನು ಹೇಳುತ್ತಿರುವುದು ಇದನ್ನೇ. ದಿನಾ ಕೇಳಬೇಡಿ.

ಇದರ ಹಿಂದಿನ ಲೆಕ್ಕ ಬಹಳ ಸರಳ. ಒಂದು ಮೊಳೆಗೆ ಒಂದೇ ಅಂಗಿ ನೇತುಹಾಕಿದರೆ ಕತ್ತಲಲ್ಲೂ ಕೈಗೆ ಸಿಗುತ್ತದೆ. ಅದೇ ಮೊಳೆಗೆ ಹತ್ತು ಅಂಗಿ ಹಾಕಿದರೆ ಕೆಳಗಿನದು ಸಿಗುವುದಿಲ್ಲ. ಹಾಡು ಆ ಮೊಳೆ. ಹಾಸ್ಟೆಲಿನ ನಂತರ ನಾವು ಆ ಹಾಡನ್ನು ಹೆಚ್ಚು ಕೇಳಿರಲಿಲ್ಲ. ಆದ್ದರಿಂದ ಅದಕ್ಕೆ ಹಾಸ್ಟೆಲ್ ಒಂದೇ ಅಂಟಿಕೊಂಡಿತ್ತು. ಅವನ ಹಾಡಿಗೆ ಟ್ರಾಫಿಕ್ಕು, ಬಾಸಿನ ಫೋನು, ಪೆಟ್ರೋಲ್ ಬಂಕು ಎಲ್ಲವೂ ಅಂಟಿಕೊಂಡಿದ್ದವು. ಒಂದು ಗುರುತಿಗೆ ನೆನಪುಗಳು ಹೆಚ್ಚಾದಷ್ಟೂ ಅದರಿಂದ ಯಾವುದೇ ಒಂದು ನೆನಪು ಎದ್ದು ಬರುವುದು ಕಷ್ಟ. ಮನಃಶಾಸ್ತ್ರದಲ್ಲಿ ಇದು 1970ರ ದಶಕದಿಂದಲೂ ಗೊತ್ತಿರುವ ವಿಷಯ.

ಆ "ಡಕ್" ಇದೆಯಲ್ಲ, ಅದೂ ನನಗೆ ತುಂಬಾ ಇಷ್ಟದ ವಿಷಯ. ಮಿದುಳು ಹಾಡನ್ನು ಬರೀ ಕೇಳುವುದಿಲ್ಲ, ಮುಂದೆ ಬರುವುದಕ್ಕೆ ಮೊದಲೇ ತಯಾರಾಗಿ ನಿಂತಿರುತ್ತದೆ. ಕ್ಯಾಸೆಟ್ಟಿನಲ್ಲೋ ಸಿಡಿಯಲ್ಲೋ ಒಂದು ಹಾಡು ಮುಗಿಯುತ್ತಿದ್ದಂತೆ ತಲೆಯಲ್ಲಿ ಮುಂದಿನ ಹಾಡು ಶುರುವಾಗಿಬಿಡುವುದು ನಿಮಗೂ ಗೊತ್ತಿರಬಹುದು. 2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಲೋರಿ ಸಲಿಂಪೂರ್ ಮತ್ತು ತಂಡದವರು ಒಂದು ಸಂಗತಿ ಕಂಡರು. ಇಷ್ಟದ ಸಂಗೀತ ಕೇಳಿ ಮೈ ಜುಂ ಅನ್ನುವಾಗ ಮಿದುಳಿನಲ್ಲಿ ಡೋಪಮಿನ್ ಎಂಬ, ಖುಷಿಗೆ ಸಂಬಂಧಿಸಿದ ರಾಸಾಯನಿಕ ಬಿಡುಗಡೆಯಾಗುತ್ತದೆ. ಅಷ್ಟೇ ಅಲ್ಲ, ಆ ಘಳಿಗೆ ಬರುವ ಸ್ವಲ್ಪ ಮೊದಲೇ, ಬರಲಿದೆ ಅನ್ನುವ ನಿರೀಕ್ಷೆಯಲ್ಲೇ, ಇನ್ನೊಂದು ಭಾಗದಲ್ಲಿ ಅದು ಬಿಡುಗಡೆಯಾಗಿರುತ್ತದೆ. ಅಂದರೆ ಅರ್ಧ ಸುಖ ಕಾಯುವುದರಲ್ಲೇ ಇದೆ.

ಗುರುತು ಹಿಡಿಯುವುದಂತೂ ಇನ್ನೂ ಬೇಗ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತುಣುಕು ಕೇಳಿಸಿ, ಐದು ಹಾಡುಗಳ ಪಟ್ಟಿಯಲ್ಲಿ ಇದು ಯಾವುದು ಎಂದರೆ ಜನ ಬರೀ ಊಹೆಗಿಂತ ಚೆನ್ನಾಗಿ ಹೇಳಿದ್ದಾರೆ. ಅಷ್ಟು ಹೊತ್ತಿನಲ್ಲಿ ಒಂದು ಪದವೂ ಮುಗಿಯುವುದಿಲ್ಲ. ಬರೀ ದನಿಯ ಬಣ್ಣ ಸಾಕು.

ಸರಿ, ಕಥೆ ಸ್ವಲ್ಪ ಉದ್ದವಾಯಿತು. ಸ್ಟುಡಿಯೋದ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ಅಮೆರಿಕದ ಪೀಟರ್ ಜನಾಟಾ ಎಂಬ ವಿಜ್ಞಾನಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 13 ವಿದ್ಯಾರ್ಥಿಗಳನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ, ಅವರಿಗೆ 8ರಿಂದ 18 ವರ್ಷ ಇದ್ದಾಗಿನ ಹಾಡುಗಳ ತುಣುಕುಗಳನ್ನು ಕೇಳಿಸಿದ್ದರು. ನೆನಪು ಎದ್ದು ಬಂದ ಹಾಡುಗಳಿಗೆ, ಹಣೆಯ ಹಿಂದೆ ಮಧ್ಯದಲ್ಲಿರುವ ಒಂದು ಭಾಗ ಚುರುಕಾಯಿತು. ಮರೆವಿನ ಕಾಯಿಲೆ ಆಲ್ಝೈಮರ್‌ನಲ್ಲಿ ತಡವಾಗಿ ಹಾಳಾಗುವ ಭಾಗಗಳಲ್ಲಿ ಅದೂ ಒಂದು. ಮಕ್ಕಳ ಹೆಸರು ತಡವರಿಸುವ ಹಿರಿಯರು ಹಳೆಯ ಹಾಡಿಗೆ ತಟ್ಟನೆ ತಲೆದೂಗುವುದನ್ನು ನೀವೂ ನೋಡಿರುತ್ತೀರಿ. ಇದರ ಬಗ್ಗೆಯೇ ಒಂದು ಪೂರ್ತಿ ಭಾಷಣ ಮಾಡಬಹುದು. ಇವತ್ತು ಆಗುವುದಿಲ್ಲ.

ಆದರೆ ಮನೆಯಲ್ಲಿ ಅಂಥ ಹಿರಿಯರಿದ್ದರೆ ಇಷ್ಟು ಮಾಡಿ. ಅವರು ಹುಟ್ಟಿದ ವರ್ಷಕ್ಕೆ ಹದಿನೇಳೋ ಹದಿನೆಂಟೋ ಕೂಡಿಸಿ. ಅಲ್ಲಿಂದ ಮುಂದಿನ ಐದಾರು ವರ್ಷಗಳ ಹಾಡುಗಳನ್ನು ಹುಡುಕಿ. ನಿಮಗೆ ಇಷ್ಟವಾದ ಹಳೆಯ ಹಾಡು ಹಾಕಬೇಡಿ, ಅವರ ವಯಸ್ಸಿನದ್ದು ಹಾಕಿ. ಅವರು ಕಾಲೇಜಿಗೆ ಹೋಗಿರಲೇಬೇಕು ಅಂತಿಲ್ಲ, ಆ ವಯಸ್ಸು ಎಲ್ಲರಿಗೂ ಬಂದಿರುತ್ತದೆ. ಒಂದು ಹಾಡು ಹಾಕಿ, ನಿಲ್ಲಿಸಿ, ಮಾತಾಡಲು ಬಿಡಿ. ಹಾಕಿಟ್ಟು ಎದ್ದು ಹೋಗಬೇಡಿ. ಅಲ್ಲಿಯೂ ಅದೇ ಮಾತು, ದಿನಾ ಅದೇ ಹಾಡು ಬೇಡ.

ಇನ್ನು ಈಗ ಕಾಲೇಜಿನಲ್ಲಿರುವ ಮಕ್ಕಳು ಯಾರಾದರೂ ಕೇಳುತ್ತಿದ್ದರೆ, ನಿಮಗೆ ಈ ನಿಯಮ ಇಲ್ಲ. ನೀವು ದಿನಾ ಕೇಳಿ, ಬೇಜಾರಾಗುವಷ್ಟು ಕೇಳಿ. ಅಂಟಿಸಿಕೊಳ್ಳುವ ಕಾಲ ನಿಮ್ಮದು. ಒಂದೇ ಬೇಡಿಕೆ. ಆಗಾಗ ಕಿವಿಯಿಂದ ಆ ಇಯರ್‌ಫೋನ್ ತೆಗೆದು, ನಾಲ್ಕು ಜನರ ಜೊತೆ ಕೂತು ಕೇಳಿ. ಒಬ್ಬರೇ ಕೇಳಿದ ಹಾಡಿಗೆ "ಡಕ್" ಅನ್ನಲು ಯಾರೂ ಇರುವುದಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ಹಾಕುವ ಹಳೆಯ ಹಾಡಿಗೂ ಮೂಗು ಮುರಿಯಬೇಡಿ. ಅದು ನಿಮಗೇ ಗೊತ್ತಿಲ್ಲದೆ ಒಳಗೆ ಇಳಿದಿರುತ್ತದೆ. ಕ್ಯಾರಲ್ ಕ್ರುಮ್‌ಹಾನ್ಸಲ್ ಎಂಬುವರು 2013ರಲ್ಲಿ ಇಪ್ಪತ್ತರ ಆಸುಪಾಸಿನವರನ್ನು ಪರೀಕ್ಷಿಸಿದಾಗ, ಅವರಿಗೆ ತಮ್ಮ ಕಾಲದ ಹಾಡಿನ ಜೊತೆಗೆ, ತಂದೆ ತಾಯಿ ಇಪ್ಪತ್ತರಲ್ಲಿದ್ದಾಗಿನ ಹಾಡುಗಳೂ ವಿಶೇಷವಾಗಿ ಹತ್ತಿರವಾಗಿದ್ದವು.

ಈ ಭಾಷಣದ ನಂತರ ಹಳೆಯ ಹಾಡುಗಳ ಕಾರ್ಯಕ್ರಮ ಇದೆಯಂತೆ. ಅದರಲ್ಲಿ ನಿಮ್ಮ ಹಾಡು ತಾನಾಗಿ ಬಂದರೆ ಕೇಳಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಕೈಯಲ್ಲಿರುವ ಕೆಲಸ ಬಿಟ್ಟು ಕೇಳಿ. ಯಾರು ನೆನಪಾದರೋ ಅವರಿಗೆ ಒಂದು ಫೋನು ಮಾಡಿ. ಹಾಡು ಮುಗಿದ ಮೇಲೆ ಮತ್ತೆ ಹುಡುಕಿ ಹಾಕಿಕೊಳ್ಳಬೇಡಿ, ಅಷ್ಟೇ.

ನಮಸ್ಕಾರ.