ನೂರು ತುಂಬಿದವರ ಮೊದಲ ಆಲ್ಬಮ್

ಕೇಳುಗ ಮಿತ್ರರಿಗೆ ನಮಸ್ಕಾರ. 2025ರ ಫೆಬ್ರುವರಿಯಲ್ಲಿ ‘ನ್ಯೂ ಡಾನ್’ ಎಂಬ ಜಾಝ್ ಆಲ್ಬಮ್ ಬಿಡುಗಡೆಯಾಯಿತು. ಅದನ್ನು ನುಡಿಸಿದ ಮಾರ್ಷಲ್ ಅಲೆನ್ ಅವರು 1924ರ ಮೇ ತಿಂಗಳಲ್ಲಿ ಅಮೆರಿಕದ ಲೂಯಿವಿಲ್ ನಗರದಲ್ಲಿ ಹುಟ್ಟಿದವರು. ನೂರು ವರ್ಷ ತುಂಬಿದ ಮೇಲೆ ಅವರು ಫಿಲಡೆಲ್ಫಿಯಾದ ಸ್ಟುಡಿಯೊದಲ್ಲಿ ಕುಳಿತು, ಕೇವಲ ತಮ್ಮ ಹೆಸರಿನಲ್ಲಿ ಬರುವ ಮೊಟ್ಟಮೊದಲ ಸ್ಟುಡಿಯೊ ಆಲ್ಬಮ್ಮನ್ನು ಧ್ವನಿಮುದ್ರಿಸಿದರು. ಅವರ ವಾದ್ಯ ಆಲ್ಟೊ ಸ್ಯಾಕ್ಸೊಫೋನ್. ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಅದೇ ವಾದ್ಯ.

ಅಲೆನ್ ಅವರದು ಫ್ರೀ ಜಾಝ್. ಮೊದಲೇ ಗೊತ್ತುಮಾಡಿದ ಸ್ವರಮೇಳಗಳ ಸಾಲನ್ನೂ ಒಂದೇ ಲಯದ ಕಟ್ಟನ್ನೂ ಬಿಟ್ಟು ನುಡಿಸುವ ಸಂಗೀತವಿದು. ಇದನ್ನು ಎರಡು ನಿಮಿಷ ಕೇಳಿ, ಹೀಗೆ ಯಾರು ಬೇಕಾದರೂ ಊದಬಹುದು ಎಂದುಬಿಡುವವರಿದ್ದಾರೆ. ದಯವಿಟ್ಟು ಹಾಗೆನ್ನಬೇಡಿ. ಈ ಸ್ವಾತಂತ್ರ್ಯ ತಾಲೀಮಿನಿಂದ ಬಂದದ್ದು.

ಅದು ಹೇಗೆಂದು ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ವಾದ್ಯವೃಂದದಲ್ಲಿ ನುಡಿಸಿ, ಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿನಲ್ಲಿ ಸಂಗೀತ ಕಲಿತು, ಅಲೆನ್ ಷಿಕಾಗೊ ನಗರಕ್ಕೆ ಬಂದರು. ಅಲ್ಲಿ ಸನ್ ರಾ ಎಂಬ ಪಿಯಾನೊ ವಾದಕರು ‘ಆರ್ಕೆಸ್ಟ್ರಾ’ ಎಂಬ ತಂಡ ಕಟ್ಟಿದ್ದರು. ತಾವು ಶನಿಗ್ರಹದಿಂದ ಬಂದವರೆಂದು ಅವರು ಹೇಳಿಕೊಳ್ಳುತ್ತಿದ್ದರು. ಆ ತಂಡದ ಧ್ವನಿಮುದ್ರಿಕೆಯೊಂದನ್ನು ಕೇಳಿ ಮನಸೋತ ಅಲೆನ್, ಸನ್ ರಾ ಅವರನ್ನು ಹುಡುಕಿಕೊಂಡು ಹೋದರು. ಕಲಿತದ್ದನ್ನೆಲ್ಲ ಅಚ್ಚುಕಟ್ಟಾಗಿ ನುಡಿಸಿ ತೋರಿಸಿದರೂ ಗುರುಗಳು ಒಪ್ಪಲಿಲ್ಲ. ನಿನಗೆ ಗೊತ್ತಿರುವುದು ನನಗೆ ಬೇಡ, ಗೊತ್ತಿಲ್ಲದ್ದನ್ನು ನುಡಿಸು ಎಂಬುದು ಅವರ ಪಾಠದ ಸಾರವಾಗಿತ್ತೆಂದು ಅಲೆನ್ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಯೋಚಿಸಿ ನೋಡಿ, ಗೊತ್ತಿಲ್ಲದ್ದನ್ನು ನುಡಿಸಬೇಕಾದರೆ ಗೊತ್ತಿರುವುದು ಎಷ್ಟು ಕರಗತವಾಗಿರಬೇಕು! 1968ರ ಸುಮಾರಿಗೆ ತಂಡ ಫಿಲಡೆಲ್ಫಿಯಾದ ಜರ್ಮನ್‌ಟೌನಿನ ಒಂದೇ ಮನೆಯಲ್ಲಿ ನೆಲೆಸಿತು. ಗುರುಗಳು ಕರೆದ ಹೊತ್ತಿಗೆ, ಹಗಲಾಗಲಿ ರಾತ್ರಿಯಾಗಲಿ, ಎಲ್ಲರೂ ವಾದ್ಯ ಹಿಡಿದು ಕೂರಬೇಕಿತ್ತು. ಶಿಸ್ತು ಎಂಬ ಮಾತು ಸನ್ ರಾ ಅವರಿಗೆ ಎಷ್ಟು ಪ್ರಿಯವೆಂದರೆ, ತಮ್ಮ ಅನೇಕ ರಚನೆಗಳಿಗೆ ಅವರು ‘ಡಿಸಿಪ್ಲಿನ್’ ಎಂದೇ ಹೆಸರಿಟ್ಟು ಸಂಖ್ಯೆ ಕೊಟ್ಟರು. ಮತ್ತೆ ಹೇಳುತ್ತೇನೆ, ಈ ಸ್ವಾತಂತ್ರ್ಯ ತಾಲೀಮಿನಿಂದ ಬಂದದ್ದು.

1993ರಲ್ಲಿ ಸನ್ ರಾ ತೀರಿಕೊಂಡರು. ಅವರ ಬಳಿಕ ತಂಡವನ್ನು ನಡೆಸಿದ ಜಾನ್ ಗಿಲ್ಮೋರ್ 1995ರಲ್ಲಿ ನಿಧನರಾದಾಗ ಹೊಣೆ ಅಲೆನ್ ಅವರ ಹೆಗಲಿಗೆ ಬಂತು. ಅಂದಿನಿಂದ ಗುರುಗಳ ರಚನೆಗಳನ್ನು ಊರೂರಿಗೆ ಒಯ್ದರೇ ಹೊರತು ತಮ್ಮದೇ ಆಲ್ಬಮ್ ಬೇಕೆಂದು ಅವರು ಅವಸರಪಡಲಿಲ್ಲ.

ಸಮಯ ಕಡಿಮೆಯಿರುವುದರಿಂದ ಆಲ್ಬಮ್ಮಿನ ಎರಡೇ ರಚನೆಗಳನ್ನು ಹೆಸರಿಸುತ್ತೇನೆ. ಶೀರ್ಷಿಕೆ ಗೀತೆಯನ್ನು ನೆನೆ ಚೆರ್ರಿ ಹಾಡಿದ್ದಾರೆ. ನೆನೆ ಅವರನ್ನು ಸಾಕಿ ಬೆಳೆಸಿದ ತಂದೆ, ಫ್ರೀ ಜಾಝ್‌ನ ಮೊದಲಿಗರಲ್ಲೊಬ್ಬರಾದ ತುತ್ತೂರಿ ವಾದಕ ಡಾನ್ ಚೆರ್ರಿ. ಇದು ಬಹಳ ಮೃದುವಾದ ಹಾಡಾದ್ದರಿಂದ ಹೊಸಬರು ಇಲ್ಲಿಂದಲೇ ಆರಂಭಿಸಲಿ. ಬಳಿಕ ‘ಏಂಜಲ್ಸ್ ಆ್ಯಂಡ್ ಡೀಮನ್ಸ್ ಅಟ್ ಪ್ಲೇ’ ಕೇಳಿ. ಇದರ 1960ರ ದಶಕದ ಧ್ವನಿಮುದ್ರಿಕೆಯೂ ಸಿಗುತ್ತದೆ, ಅದರಲ್ಲಿ ಅಲೆನ್ ಕೊಳಲು ನುಡಿಸಿದ್ದಾರೆ. ಈ ರಚನೆಯ ಹಳೆಯ, ಹೊಸ ಧ್ವನಿಮುದ್ರಿಕೆಗಳೆರಡನ್ನೂ ಒಂದರ ಹಿಂದೊಂದು ಹಾಕಿಕೊಂಡು, ಮೊದಲ ಸಲ ತಗ್ಗು ಸ್ವರದ ಬಾಸ್ ವಾದ್ಯದ ನಡೆಯನ್ನು ಮಾತ್ರ ಹಿಂಬಾಲಿಸಿ.