ಮಂಡಕ್ಕಿ ಭಟ್ಟಿಯ ಹೊಗೆ, ಶ್ವಾಸಕೋಶದ ಖರ್ಚು

(ದೃಶ್ಯ: ತಟ್ಟೆಯಲ್ಲಿ ಸೇಬಿನ ಎರಡು ಹೋಳು)

ಇದನ್ನು ಹೆಚ್ಚಿಟ್ಟು ಅರ್ಧ ಗಂಟೆಯಾಯಿತು. ಗಾಳಿಯ ಆಮ್ಲಜನಕ ತಾಗಿ ಒಂದು ಹೋಳು ಕಂದಿದೆ. ನಿಂಬೆರಸ ಸವರಿದ ಹೋಳು ಇನ್ನೂ ಬೆಳ್ಳಗಿದೆ. ನಿಂಬೆಯ ಹುಳಿಯ ಪಾಲೂ ಇದರಲ್ಲಿದೆ. ಆದರೆ ಮುಖ್ಯವಾಗಿ, ಅದರ ವಿಟಮಿನ್ ಸಿ ಸೇಬಿನ ಬದಲು ತಾನೇ ಸವೆಯುತ್ತಿದೆ. ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್, ಮಾಡುವ ಕೆಲಸವೇ ಇದು. ರಸ ತೀರಿದ ಮೇಲೆ ಈ ಹೋಳೂ ಕಂದುತ್ತದೆ.

(ದೃಶ್ಯ: ದಾವಣಗೆರೆ, ಮಂಡಕ್ಕಿ ಭಟ್ಟಿ)

ಒಲೆಗೆ ಭತ್ತದ ಹೊಟ್ಟು ಸುರಿಯುತ್ತಾರೆ, ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ. ಭಟ್ಟಿಯವರನ್ನು ದೂರಲು ಬಂದಿಲ್ಲ. ಸಂಜೆ ಮಂಡಕ್ಕಿ-ಮೆಣಸಿನಕಾಯಿಗೆ ಸಾಲು ನಿಲ್ಲುವವರು ನಾವೇ. ಇಲ್ಲಿ ದುಡಿದವರು ಮೂಗು ಒರೆಸಿಕೊಂಡರೆ ಟವೆಲ್ ಕಪ್ಪಾಗುತ್ತದೆ. ಆ ಮಸಿ ಮೂಗಿನಲ್ಲೇ ತಡೆದು ನಿಂತದ್ದು. ಒಳಗಿಳಿಯುವುದು 2.5 ಮೈಕ್ರಾನ್‌ಗಿಂತ ಸಣ್ಣ ಕಣ. ತಲೆಗೂದಲಿನ ದಪ್ಪದಲ್ಲಿ ಮೂವತ್ತರ ಒಂದು ಪಾಲೂ ಇಲ್ಲ.

ಶ್ವಾಸಕೋಶದ ಒಳಮೈಗೆ ತೆಳುವಾದ ದ್ರವದ ಲೇಪವಿದೆ. ಅದರಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲ, ಗ್ಲುಟಾಥಯೋನ್ ಕಾವಲಿಗಿವೆ. ಗ್ಲುಟಾಥಯೋನ್ ಅಂತೂ ರಕ್ತದ ಪ್ಲಾಸ್ಮಾದಲ್ಲಿರುವುದಕ್ಕಿಂತ ನೂರು ಪಟ್ಟಿನಷ್ಟು ಹೆಚ್ಚು. ಹೊಗೆಯ, ವಾಹನಗಳ ಕಣದಲ್ಲಿ ಅಂಟಿಬಂದ ಕಬ್ಬಿಣ, ತಾಮ್ರ ಆ ದ್ರವದಲ್ಲಿ ಪುಂಡ ಆಮ್ಲಜನಕವನ್ನು, ಅಂದರೆ ಸಿಕ್ಕಿದ್ದನ್ನೆಲ್ಲ ಕೆಡಿಸುವ ಚುರುಕು ರೂಪದ ಆಮ್ಲಜನಕವನ್ನು, ಹುಟ್ಟಿಸುತ್ತವೆ. ಕಾವಲಿನವು ಅದಕ್ಕೆ ತಮ್ಮನ್ನೇ ತೆತ್ತು ಜೀವಕೋಶವನ್ನು ಉಳಿಸುತ್ತವೆ. ದಾಸ್ತಾನು ಕುಗ್ಗಿದರೆ ಜೀವಕೋಶಕ್ಕೇ ಏಟು. ಆಮೇಲೆ ಉರಿಯೂತ. ಆಗ ಕಣಗಳನ್ನು ತೆರವು ಮಾಡಲು ಬರುವ ಬಿಳಿ ರಕ್ತಕಣಗಳು ಅದೇ ಪುಂಡ ಆಮ್ಲಜನಕವನ್ನು ಇನ್ನಷ್ಟು ಹೊರಬಿಡುತ್ತವೆ!

ಒಂದು ತಿರುವೂ ಇದೆ. ದಾಳಿಯ ಸುಳಿವು ಸಿಕ್ಕ ದೇಹ ತನ್ನ ರಕ್ಷಕ ಕಿಣ್ವಗಳ ತಯಾರಿಕೆಯನ್ನು ಏರಿಸುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಅವುಗಳ ಮಟ್ಟ ಹೆಚ್ಚು ಕಂಡರೆ ಅದು ಆರೋಗ್ಯದ ಗುರುತೇ ಆಗಬೇಕಿಲ್ಲ, ಹೋರಾಟದ ಗುರುತೂ ಆಗಿರಬಹುದು.

ಹಾಗಾದರೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗೋಣವೇ? ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕೆರೋಟಿನ್ ಎಂಬ ಆಂಟಿಆಕ್ಸಿಡೆಂಟ್‌ನ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ನನ್ನ ಓಟು ಪೇರಲ ಹಣ್ಣಿಗೆ. ಮೇಕೆ ತನಗೆ ಬೇಕಾದ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುತ್ತದೆ, ನಮಗೆ ಆ ಭಾಗ್ಯವಿಲ್ಲ, ತಿಂದೇ ಪಡೆಯಬೇಕು.

ಹಣ್ಣು ತಿಂದ ಮಾತ್ರಕ್ಕೆ ಹೊಗೆ ಕಡಿಮೆಯಾಗದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ, ಗಾಳಿ ಸುಧಾರಿಸಬೇಕಾದ ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜೊತೆ ದಾವಣಗೆರೆಯೂ ಇದೆ. ಈ ಸಣ್ಣ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5.

(ದೃಶ್ಯ: ಒಲೆಯ ಬಾಯಿ, ಪಕ್ಕದಲ್ಲಿ ಎನ್-95 ಮಾಸ್ಕ್)

ಭಟ್ಟಿಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು: ಒದ್ದೆ ಟವೆಲ್ ಮಸಿಯನ್ನಷ್ಟೇ ತಡೆಯುತ್ತದೆ. ಸಣ್ಣ ಕಣಕ್ಕೆ ಈ ಮಾಸ್ಕ್ ಬೇಕು, ಮೂಗಿನ ಮೇಲಿನ ತಂತಿಯನ್ನು ಒತ್ತಿ ಕಟ್ಟಬೇಕು. ಸೆಕೆಯಲ್ಲಿ ಕಷ್ಟ, ಒಪ್ಪುತ್ತೇನೆ. ಹೊಟ್ಟು ಸುರಿಯುವಾಗಲಾದರೂ ಹಾಕಿಕೊಳ್ಳಿ.